ರೂಮು ಯಾರಿಗೆ, ಹನಿಮೂನು ಎಲ್ಲಿಗೆ?

“ಹೊರಗಿನಿಂದ ಬರುವವರು ಅರವತ್ತು ಜನ. ರೂಮಿಗೆ ಇಬ್ಬರು. ಮೂವತ್ತು ರೂಮು. ಮುಗೀತು!” ಎಂದು ತನ್ನ ಮದುವೆಯ ಪಟ್ಟಿ ಬರೆಯುತ್ತಿದ್ದ ಗುಂಡ ಪೆನ್ನು ಕೆಳಗಿಟ್ಟ.

ಶೀನ ಭೇಷ್ ಎಂದ. ಪದ್ದಿ ಏನೂ ಅನ್ನಲಿಲ್ಲ. ಅವಳ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗಾಯ ಹಸಿಯಾಗಿಯೇ ಇದೆ.

“ನಿಮ್ಮ ದೊಡ್ಡಪ್ಪ ಒಬ್ಬರೇ ಬರುತ್ತಾರೆ ಅಲ್ವಾ? ಅವರ ಜೊತೆ ಯಾರನ್ನು ಹಾಕುತ್ತೀಯ?” ಎಂದು ಕೇಳಿದಳು.

“ಚಿಕ್ಕಪ್ಪನನ್ನು.”

“ಅವರಿಬ್ಬರು ಮಾತು ಬಿಟ್ಟು ಎಷ್ಟು ದಿನ ಆಯಿತು?”

“ಆಸ್ತಿ ಭಾಗ ಆದಾಗಿನಿಂದ.”

“ಒಳ್ಳೆಯದೇ ಆಯಿತಲ್ಲ, ರಾತ್ರಿ ರೂಮಿನಲ್ಲಿ ಸದ್ದೇ ಇರುವುದಿಲ್ಲ” ಎಂದ ಶೀನ.

“ಎಲ್ಲಿಂದ? ದೊಡ್ಡಪ್ಪನ ಗೊರಕೆ ಅವರ ಮಾತಿಗಿಂತ ಜೋರು” ಎಂದು ಗುಂಡ ಮತ್ತೆ ಪೆನ್ನು ಎತ್ತಿಕೊಂಡ.

ನನ್ನನ್ನು ಕೇಳಿದರೆ ಮದುವೆಗೆ ರೂಮು ಹಂಚುವವನಿಗೆ ಭಾಗಾಕಾರ ಬರಬೇಕಾಗಿಲ್ಲ. ಯಾರಿಗೆ ಯಾರು ಆಗಿಬರುವುದಿಲ್ಲ, ಯಾರಿಗೆ ಮಂಡಿನೋವು, ಯಾರು ನಾಲ್ಕು ಗಂಟೆಗೇ ಎದ್ದು ಲೈಟು ಹಾಕುತ್ತಾರೆ, ಇಷ್ಟು ಗೊತ್ತಿದ್ದರೆ ಸಾಕು. ಆದ್ದರಿಂದ ಸಂಖ್ಯೆ ಹೊಡೆದುಹಾಕಿ ಹೆಸರು ಬರೆಯಿಸಿದೆವು. ಮಂಡಿನೋವಿನವರಿಗೆ ಲಿಫ್ಟ್ ಪಕ್ಕದ ರೂಮು, ಅದರಲ್ಲಿ ಕಮೋಡ್ ಇರಲೇಬೇಕು. ಕೈಕೂಸಿನವರಿಗೆ ಮೂಲೆಯ ರೂಮು. ಮದುವೆಯಾಗದ ಹುಡುಗರಿಗೆಲ್ಲ ಒಂದೇ ಹಾಲ್, ನಾಲ್ಕು ಹಾಸಿಗೆ. ಅವರು ಹೇಗೂ ಮಲಗುವುದಿಲ್ಲ.

“ಗೊರಕೆಯವರು ಯಾರು ಯಾರು ಅಂತ ಕೇಳುವುದು ಹೇಗೆ? ಯಾರೂ ಒಪ್ಪುವುದಿಲ್ಲವಲ್ಲ” ಎಂದ ಗುಂಡ.

“‘ನಾನು ಗೊರಕೆ ಹೊಡೆಯುವುದೇ ಇಲ್ಲ’ ಅನ್ನುವವರನ್ನೆಲ್ಲ ಒಂದೇ ಮಹಡಿಗೆ ಹಾಕು” ಎಂದ ನಾಣಿ. ಅವನು ಹೋಟೆಲಿನ ರಿಸೆಪ್ಷನ್‌ನಲ್ಲಿ ಕೂತು ತಲೆ ನರೆಸಿಕೊಂಡವನು. ಇಂಥ ವಿಷಯದಲ್ಲಿ ಅವನ ಮಾತಿಗೆ ಎದುರಾಡಬಾರದು.

ಶೀನನಿಗೆ ಹೋಟೆಲೇ ದಂಡ ಅನ್ನಿಸಿತ್ತು. “ಒಂದು ದೊಡ್ಡ ಮನೆ ಬಾಡಿಗೆಗೆ ಹಿಡಿ. ಇಪ್ಪತ್ತು ಜನ ಆರಾಮಾಗಿ ಇರುತ್ತಾರೆ. ಎಲ್ಲರೂ ಒಟ್ಟಿಗಿದ್ದ ಹಾಗೂ ಆಯಿತು.”

“ಬಾತ್‌ರೂಮು ಎಷ್ಟು?” ಪದ್ದಿ ಕೇಳಿದಳು.

“ಎರಡು.”

“ಒಬ್ಬೊಬ್ಬರಿಗೆ ಹದಿನೈದು ನಿಮಿಷ ಅಂದರೂ ಎರಡೂವರೆ ಗಂಟೆ. ಅದೂ ಒಬ್ಬರೂ ಕನ್ನಡಿ ನೋಡದಿದ್ದರೆ. ಮದುವೆಯ ಬೆಳಿಗ್ಗೆ ಬಾಗಿಲು ಬಡಿಯುತ್ತಾ ಎಲ್ಲರೂ ಒಟ್ಟಿಗೇ ಇರುತ್ತಾರೆ, ನಿಜ.”

ಶೀನ ಸುಮ್ಮನಾದ. ನಾಣಿ ಶುರು ಮಾಡಿದ.

“ರಾತ್ರಿ ಪ್ರಯಾಣ ಮಾಡಿದ ನೆಂಟರು ಬೆಳಿಗ್ಗೆ ಆರಕ್ಕೇ ಬಂದು ಇಳಿಯುತ್ತಾರೆ. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೋ 3ಕ್ಕೋ. ಅಲ್ಲಿಯವರೆಗೆ ನಿಮ್ಮ ಅತ್ತೆ ಲಾಬಿಯ ಸೋಫಾದಲ್ಲಿ, ಕಾಲ ಬುಡದಲ್ಲಿ ಸೂಟ್‌ಕೇಸು, ಮಡಿಲಲ್ಲಿ ಇಸ್ತ್ರಿ ಮಾಡಿದ ಬಟ್ಟೆ. ನಿನ್ನ ಮದುವೆ ಎಷ್ಟೇ ಚೆನ್ನಾಗಿ ನಡೆಯಲಿ, ಮುಂದೆ ಹತ್ತು ವರ್ಷ ಮಾತು ಬರುವುದು ಆ ಸೋಫಾದ್ದೇ. ಹಿಂದಿನ ರಾತ್ರಿಯಿಂದಲೇ ಎರಡು ಮೂರು ರೂಮು ಹಿಡಿದಿಡು. ಮೊದಲು ಬಂದವರು ಮುಖ ತೊಳೆದು ಬಟ್ಟೆ ಬದಲಾಯಿಸಲು ಆಗುತ್ತದೆ. ಚೆಕ್-ಔಟೂ ಕೇಳಿಕೋ. 11ಕ್ಕೋ 12ಕ್ಕೋ ರೂಮು ಬಿಡಿ ಅನ್ನುತ್ತಾರೆ. ಆಗಿನ್ನೂ ಮದುವೆಯೇ ಮುಗಿದಿರುವುದಿಲ್ಲ.”

“ಮೂವತ್ತು ರೂಮು ಒಟ್ಟಿಗೆ ತೆಗೆದುಕೊಂಡರೆ ರೇಟು ಇಳಿಸುತ್ತಾರಂತಲ್ಲ?”

“ಇಳಿಸುತ್ತಾರೆ. ಸಹಿ ಹಾಕುವ ಮುಂಚೆ ಕಾಗದ ಪೂರ್ತಿ ಓದು. ಎರಡು ಥರ ಇರುತ್ತದೆ. ಒಂದರಲ್ಲಿ ಇಂಥ ದಿನದವರೆಗೆ ರೂಮು ನಿನಗೆ ಅಂತ ಎತ್ತಿಡುತ್ತಾರೆ. ಅಷ್ಟರಲ್ಲಿ ನೆಂಟರು ಬುಕ್ ಮಾಡದಿದ್ದರೆ ಬೇರೆಯವರಿಗೆ ಕೊಡುತ್ತಾರೆ, ನಿನಗೇನೂ ನಷ್ಟವಿಲ್ಲ. ಇನ್ನೊಂದರಲ್ಲಿ ಹತ್ತಕ್ಕೆ ಎಂಟಾದರೂ ತುಂಬಲೇಬೇಕು ಅಂತಲೋ ಏನೋ ಕರಾರು ಇರುತ್ತದೆ. ತುಂಬದಿದ್ದರೆ ಖಾಲಿ ರೂಮಿಗೂ ನೀನೇ ದುಡ್ಡು ಕಟ್ಟಬೇಕು. ಅಂದ ಹಾಗೆ, ಎಷ್ಟು ಜನ ಖಂಡಿತ ಬರುತ್ತೇವೆ ಅಂದಿದ್ದಾರೆ?”

“ಇಪ್ಪತ್ತು ಜನ ‘ಖಂಡಿತ’ ಅಂದಿದ್ದಾರೆ. ಮಿಕ್ಕವರು ‘ನೋಡೋಣ’ ಅಂದರು.”

“ಹಾಗಾದರೆ ‘ನೋಡೋಣ’ದವರಿಗೆ ರೂಮು ಇಡು. ಅವರು ಬಂದೇ ಬರುತ್ತಾರೆ, ಜೊತೆಗೆ ಇಬ್ಬರನ್ನು ಕರೆದುಕೊಂಡು. ‘ಖಂಡಿತ’ದವರು ಹಿಂದಿನ ದಿನ ಫೋನ್ ಮಾಡಿ ಸೊಂಟ ಹಿಡಿದುಕೊಂಡಿದೆ ಅನ್ನುತ್ತಾರೆ.”

ಲಾಂಡ್ರಿ, ಮಿನಿಬಾರ್ ಬಿಲ್ಲು ಅವರವರದೇ ಅಂತ ಮೊದಲೇ ಬರೆಸಿಡಬೇಕು ಎಂದೂ ನಾಣಿ ಹೇಳಿದ. ಬರೆಸದಿದ್ದರೆ ನೆಂಟರ ಇಡೀ ವರ್ಷದ ಬಟ್ಟೆ ಅಲ್ಲೇ ಡ್ರೈಕ್ಲೀನ್ ಆಗಿ ಹೋಗುತ್ತದಂತೆ. ಆಮೇಲೆ ಇನ್ನೊಂದು ಮಾತು: ರೂಮಿನ ವಿಚಾರಕ್ಕೆ ಮದುಮಗನ ಫೋನ್ ನಂಬರ್ ಕೊಡಲೇಬಾರದು. ಇದು ನಾನೇ ಕಣ್ಣಾರೆ ಕಂಡಿದ್ದು. ಒಂದು ಮದುವೆಯಲ್ಲಿ ಫೋಟೋಗೆ ನಿಂತ ಮದುಮಗನ ಜೇಬು ಗುಂಯ್ ಅನ್ನುತ್ತಲೇ ಇತ್ತು. ಕೊನೆಗೆ ಎತ್ತಿಕೊಂಡ. “208ರಲ್ಲಿ ಎಸಿ ರಿಮೋಟ್ ಸಿಗುತ್ತಿಲ್ಲ, ಬಂದು ಹುಡುಕಿಕೊಡ್ತೀಯಾ?” ಆ ಕ್ಷಣದ ಮುಖವೇ ಆಲ್ಬಮ್ಮಿನ ಮೊದಲ ಪುಟದಲ್ಲಿದೆ.

ಅಷ್ಟರಲ್ಲಿ ಪದ್ದಿ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಕೆಳಗಿನವರೆಗೂ ಹೋಗಿ ನಿಂತಳು. “ಎಲ್ಲ ಸರಿ. ನಿಮ್ಮಿಬ್ಬರ ರೂಮು ಎಲ್ಲಿ?”

ಗುಂಡ ಪಟ್ಟಿ ನೋಡಿದ. “ನಾವು ಮನೆಯಲ್ಲೇ…”

“ಮನೆಯಲ್ಲಿ ನಿನ್ನ ರೂಮಿಗೆ ದೊಡ್ಡಮ್ಮನ ಮನೆಯವರನ್ನು ಹಾಕಿದ್ದೀಯ. ಇಲ್ಲಿ ನೋಡು. ಮಕ್ಕಳೂ ಸೇರಿ ಆರು ಜನ.”

ಗುಂಡ ತಕ್ಷಣ ಚೇತರಿಸಿಕೊಂಡ. “ಅದಕ್ಕೇ ನಾವು ಮದುವೆಯ ರಾತ್ರಿಯೇ ವಿಮಾನ ಹತ್ತಿಬಿಡುತ್ತೇವೆ! ಮಾಲ್ಡೀವ್ಸ್!”

“ಹತ್ತು. ಹಾಗೇ ಹತ್ತಿದ ನಾವು ಮೊದಲ ಎರಡು ದಿನ ಮಲಗಿಯೇ ಇದ್ದೆವು. ಸಮುದ್ರ ಚೆನ್ನಾಗಿತ್ತಂತೆ. ನಮ್ಮವರು ಹೇಳಿದರು. ಅವರಿಗೂ ಯಾರೋ ಹೇಳಿದ್ದಂತೆ” ಎಂದಳು ಪದ್ದಿ. “ಹನಿಮೂನ್ ಜೋಡಿ ಅಂತ ಮೊದಲೇ ತಿಳಿಸಿದ್ದಕ್ಕೆ ಹಾಸಿಗೆಯ ಮೇಲೆ ಟವೆಲಿನಲ್ಲಿ ಎರಡು ಹಂಸ ಮಾಡಿಟ್ಟಿದ್ದರು. ಸುತ್ತ ಹೃದಯದ ಆಕಾರದಲ್ಲಿ ಗುಲಾಬಿ ಎಸಳು. ನಮಗೋ ಕಣ್ಣು ಎಳೆಯುತ್ತಿದೆ. ಎಸಳು ಒಂದೊಂದಾಗಿ ಆರಿಸಿ ಎತ್ತಿಡಬೇಕು. ಇವರು ತಾಳ್ಮೆ ಕೆಟ್ಟು ಹಂಸಗಳ ಮೇಲೆಯೇ ಬಿದ್ದರು. ಬೆಳಿಗ್ಗೆ ಎದ್ದರೆ ಕೆನ್ನೆಗೆ ಮೂರು ಎಸಳು ಅಂಟಿಕೊಂಡಿತ್ತು.”

“ವಿಮಾನ ಅಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತದೆ?” ನಾಣಿ ಗುಂಡನನ್ನು ಕೇಳಿದ.

“ಮರುದಿನ ಸಂಜೆ ಆರು. ನಡುವೆ ಒಂದು ಕಡೆ ಬದಲಾಯಿಸಬೇಕು. ಇಳಿದ ಮೇಲೆ ದ್ವೀಪಕ್ಕೆ ಸೀಪ್ಲೇನ್, ನೀರಿನ ಮೇಲೇ ಇಳಿಯುವ ಪುಟ್ಟ ವಿಮಾನ.”

“ಸೀಪ್ಲೇನ್ ಬೆಳಕಿದ್ದಾಗ ಮಾತ್ರ ಹಾರುತ್ತದೆ ಕಣೋ. ಆರಕ್ಕೆ ಇಳಿದರೆ ಆ ರಾತ್ರಿ ರಾಜಧಾನಿ ಮಾಲೆಯಲ್ಲೇ ತಂಗಬೇಕು. ದ್ವೀಪದಲ್ಲಿ ಖಾಲಿ ಇರುವ ರೂಮಿಗೂ ಬಾಡಿಗೆ, ಮಾಲೆಯ ರೂಮಿಗೂ ಬಾಡಿಗೆ. ಸ್ಪೀಡ್ ಬೋಟ್ ಹೋಗುವಷ್ಟು ಹತ್ತಿರದ ದ್ವೀಪ ನೋಡು, ಇಲ್ಲ ಬೆಳಿಗ್ಗೆ ಇಳಿಯುವ ವಿಮಾನ ನೋಡು. ತಿಂಗಳನ್ನೂ ನೋಡು. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಗಾಲ. ಬಾಲಿಯಲ್ಲಿ ಉಲ್ಟಾ, ನವೆಂಬರ್‌ನಿಂದ ಮಾರ್ಚ್.”

ಯೂರೋಪಿಗೆ ಹೋಗು ಎಂದ ಶೀನ. ಅಲ್ಲಿಯ ಬಹಳಷ್ಟು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಹೊರಡುವ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮುಂಚೆ ಹಾಕಿರಲೇಬೇಕು ಎಂದ ನಾಣಿ. ಮದುವೆಗೆ ಉಳಿದಿದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ ದಿನ, ಅಷ್ಟೇ. ಶೀನ ಮತ್ತೆ ಸುಮ್ಮನಾದ.

“ಟಿಕೆಟ್ ಬುಕ್ ಮಾಡುವಾಗ ಹುಡುಗಿಯ ಹೆಸರಿನ ಮುಂದೆ ನನ್ನ ಹೆಸರು ಸೇರಿಸುತ್ತೇನೆ, ಸರ್‌ಪ್ರೈಸ್!” ಎಂದು ಗುಂಡ ನಾಚಿಕೊಂಡ.

“ಪಾಸ್‌ಪೋರ್ಟಿನಲ್ಲಿ?”

“ಹಳೇ ಹೆಸರೇ.”

“ಹಾಗಾದರೆ ಸರ್‌ಪ್ರೈಸ್ ಏರ್‌ಪೋರ್ಟಿನಲ್ಲೇ ಸಿಗುತ್ತದೆ, ನಿನಗೆ. ಎರಡರಲ್ಲೂ ಹೆಸರು ಒಂದೇ ಇರಬೇಕು. ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೋ. ಇನ್ನೂ 6 ತಿಂಗಳಾದರೂ ಇರಬೇಕು ಅಂತ ಕೇಳುವ ದೇಶಗಳು ಬೇಕಾದಷ್ಟಿವೆ.”

ಗುಂಡ ಪೂರ್ತಿ ಇಳಿದುಹೋದ. ಸಮಾಧಾನ ಮಾಡೋಣವೆಂದು ನಾನು ರಾಣಿ ವಿಕ್ಟೋರಿಯಾಳನ್ನು ಕರೆತಂದೆ. 1840ರಲ್ಲಿ ಅವಳ ಮದುವೆ. ಅಷ್ಟು ದೊಡ್ಡ ಸಾಮ್ರಾಜ್ಯ ಇದ್ದರೂ ಹನಿಮೂನು ವಿಂಡ್ಸರ್ ಕೋಟೆಯಲ್ಲಿ ಎರಡು ಮೂರು ದಿನ, ಅಷ್ಟೇ. ರಾಜ್ಯದ ಕೆಲಸಕ್ಕೆ ರಜೆ ಇರಲಿಲ್ಲ. ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್, ಅವನ ಹೆಂಡತಿ ಯೋಕೋ ಓನೋ 1969ರಲ್ಲಿ ಹನಿಮೂನಿಗೆಂದು ಆಮ್‌ಸ್ಟರ್‌ಡ್ಯಾಮಿನ ಹೋಟೆಲಿನಲ್ಲಿ ಒಂದು ವಾರ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಅದೂ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಪತ್ರಕರ್ತರನ್ನು ಕೋಣೆಗೇ ಕರೆದು, ಯುದ್ಧ ಬೇಡ ಎಂದು ಹೇಳಲು.

“ಹನ್ನೆರಡು ಗಂಟೆ ಹೊತ್ತು ರೂಮು ತುಂಬ ಜನ! ನಮ್ಮ ಮನೆಯದೇ ಕಥೆ” ಎಂದ ಗುಂಡ.

“ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇನ್ನೂ ಚೆನ್ನಾಗಿತ್ತು” ಎಂದೆ. “ಅನುಕೂಲಸ್ಥ ಮದುಮಕ್ಕಳು ಮದುವೆಗೆ ಬರಲಾಗದ ನೆಂಟರ ಮನೆಗಳಿಗೆ ತಾವೇ ಪ್ರವಾಸ ಹೋಗುತ್ತಿದ್ದರು. ಕೆಲವರ ಜೊತೆ ಮನೆಯವರೂ ಹೊರಡುತ್ತಿದ್ದರು.”

ನಾಣಿ ನೆಟ್ಟಗೆ ಕೂತ. “ಅಂದರೆ ನೆಂಟರಿಗೆ ರೂಮಿನ ಖರ್ಚಿಲ್ಲ, ಹನಿಮೂನಿಗೂ ರೂಮಿನ ಖರ್ಚಿಲ್ಲ! ಎಂಥ ತಲೆ!”

“ಈ ಮಾತು ನಮ್ಮ ಅಮ್ಮನ ಕಿವಿಗೆ ಮಾತ್ರ ಹಾಕಬೇಡಿ” ಎಂದು ಗುಂಡ ಕೈ ಮುಗಿದ.

ಕೊನೆಗೆ ಪದ್ದಿ ಹೇಳಿದ್ದೇ ಸರಿ ಅನ್ನಿಸಿತು. ಮದುವೆಯಾದ ಮೇಲೆ ಎರಡು ದಿನ ಮನೆಯಲ್ಲೇ ಇದ್ದು, ಚೆನ್ನಾಗಿ ನಿದ್ದೆ ಮಾಡಿ, ಮೂರನೇ ದಿನ ಬೆಳಿಗ್ಗೆ ಹೊರಡುವುದು. ಅಷ್ಟರಲ್ಲಿ ನೆಂಟರೂ ಹೋಗಿರುತ್ತಾರೆ, ಮನೆ ಖಾಲಿ. ಗುಂಡ ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿ ಹೇಳಿದ. ಅಮ್ಮನೂ ಖುಷಿಪಟ್ಟರು. ನಾವು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅಮ್ಮನದೇ ಫೋನ್ ವಾಪಸ್ ಬಂತು.

“ಸುದ್ದಿ ಎಲ್ಲರಿಗೂ ಹೇಳಿದೆ ಕಣೋ. ಮದುಮಕ್ಕಳು ಎರಡು ದಿನ ಮನೆಯಲ್ಲೇ ಇರುವುದಾದರೆ ನಾವೂ ಇದ್ದು, ಅವರನ್ನು ಕಳಿಸಿಯೇ ಹೋಗುತ್ತೇವೆ ಅಂತ ನಾಲ್ಕು ಮನೆಯವರು ಒಪ್ಪಿದ್ದಾರೆ. ರೂಮು ಎರಡು ದಿನ ಮುಂದುವರಿಸು.”

ಗುಂಡ ಫೋನ್ ಇಟ್ಟು ನಾಣಿಯ ಕಡೆ ತಿರುಗಿದ. “ಮದುವೆಯ ರಾತ್ರಿಯ ಆ ವಿಮಾನದಲ್ಲಿ ಇನ್ನೂ ಸೀಟಿದೆಯಾ ನೋಡು ಮಾರಾಯ. ಮಾಲೆಯಲ್ಲೇ ತಂಗುತ್ತೇವೆ.”