ಸಹಾಯ ಬೇಕು: 1940ರ ಬಾಂಬ್ ದಾಳಿಯಲ್ಲಿ ಸತ್ತ, ಪೂರ್ವ ಲಂಡನ್‌ನ ಸ್ಟೆಪ್ನಿಯ ಹೊಲಿಗೆ ಕೆಲಸಗಾರ್ತಿ

ಲಂಡನ್‌ನಲ್ಲಿರುವ ಕನ್ನಡಿಗರು ಯಾರಾದರೂ ಈಕೆಯ ದಾಖಲೆ ಹುಡುಕಲು ಒಂದು ದಿನ ಬಿಡುವು ಮಾಡಿಕೊಳ್ಳಬಹುದೇ?

ಯುದ್ಧದಲ್ಲಿ ಮಡಿದ ನಾಗರಿಕರ ಪಟ್ಟಿಯಲ್ಲಿ ಈಕೆಯದು ಎರಡೇ ಸಾಲು: ವಯಸ್ಸು, ಮನೆ ವಿಳಾಸ, ಗಂಡನ ಹೆಸರು, ಸತ್ತ ಜಾಗ. ಕಸುಬು ಇಲ್ಲ. ಅದು ಸಿಕ್ಕಿದ್ದು ದೇಶದ ಜನರ ವಿವರ ಬರೆದುಕೊಂಡ 1939ರ ಸೆಪ್ಟೆಂಬರ್ 29ರ ನೋಂದಣಿಯಲ್ಲಿ. ಅಲ್ಲಿ ಹುಟ್ಟಿದ ತಾರೀಖೂ ಇದೆ. ಬಹುಪಾಲು ಗೃಹಿಣಿಯರ ಮುಂದೆ 'ಸಂಬಳವಿಲ್ಲದ ಮನೆಗೆಲಸ' ಎಂದೇ ಬರೆದಿರುವಾಗ ಈಕೆಯ ಸಾಲಿನಲ್ಲಿ ಹೊಲಿಗೆ ಎಂದಿರುವುದು ದೊಡ್ಡ ಸುಳಿವು.

ಹಿಂದಕ್ಕೆ ಹೋದರೆ ದಾರಿ ಕಡಿಯುತ್ತದೆ. 1931ರ ಜನಗಣತಿ 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, ಉಳಿದಿರುವುದು 1921ರದ್ದು. ಆಗ ಈಕೆ ಚಿಕ್ಕ ಹುಡುಗಿ, ತವರಿನ ಹೆಸರಲ್ಲಿ ಇರಬೇಕು. ಆ ಹೆಸರು ಮದುವೆ ನೋಂದಣಿಗಳ ಸೂಚಿಯಿಂದ ಸಿಗಬೇಕಿತ್ತು, ಆದರೆ ಒಂದೇ ಹೆಸರಿನ ಮೂವರು ಬರುತ್ತಿದ್ದಾರೆ.

ಆಗಬೇಕಾದ್ದು ಎರಡು ಕೆಲಸ. ಕ್ಲರ್ಕನ್‌ವೆಲ್‌ನ ಲಂಡನ್ ಆರ್ಕೈವ್ಸ್‌ನಲ್ಲಿ ಸ್ಟೆಪ್ನಿ ಶಾಲೆಗಳ ದಾಖಲಾತಿ ಪುಸ್ತಕ ನೋಡಿ, ಹುಟ್ಟಿದ ತಾರೀಖು ಹೊಂದುವ ಹುಡುಗಿಯರ ಸಾಲುಗಳ ಫೋಟೋ ತೆಗೆಯುವುದು. ಪೋಷಕರ ಹೆಸರು, ವಿಳಾಸದ ಕಾಲಂ ಬಿಡಬೇಡಿ. ಬ್ಯಾಂಕ್ರಾಫ್ಟ್ ರಸ್ತೆಯ ಸ್ಥಳೀಯ ಇತಿಹಾಸ ಗ್ರಂಥಾಲಯದಲ್ಲಿ ಈಕೆಯ ಮನೆಯಿದ್ದ ಬೀದಿಯ ಹಳೆಯ ಫೋಟೋ, ನಕ್ಷೆ ಕೇಳುವುದು. ಹೋಗುವ ಮುನ್ನ ತೆರೆದಿರುವ ದಿನ ವಿಚಾರಿಸಿ. ಕಾಗುಣಿತ ಬೇರೆಯಿದ್ದರೂ ತಾರೀಖು ಹೊಂದಿದರೆ ಕಳಿಸಿ. ಹೆಸರು, ವಿಳಾಸ ಸಂದೇಶದಲ್ಲಿ ಕೊಡುತ್ತೇವೆ, ಪ್ರತಿಗಳ ಖರ್ಚು ನಮ್ಮದು.