ಆಶ್ವಿಟ್ಜ್‌ಗೆ ಅಪ್ಪ-ಅಮ್ಮ, ಮಗಳ ಜೊತೆ ಹೋಗಬೇಕು. ಹೋಗಿ ಬಂದವರು ಅನುಭವ ಹೇಳಿ

ಐಂಡ್‌ಹೋವನ್ ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ನಾವು ನೆದರ್ಲೆಂಡ್ಸ್‌ನಲ್ಲಿದ್ದೇವೆ. ಮೇ ತಿಂಗಳಲ್ಲಿ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವರು. ಪ್ಯಾರಿಸ್ ಬಿಟ್ಟರೂ ಸರಿ, ಪೋಲೆಂಡ್‌ನಲ್ಲಿರುವ ನಾಜಿಗಳ ಕ್ಯಾಂಪ್ ಆಶ್ವಿಟ್ಜ್ ನೋಡಲೇಬೇಕು ಅನ್ನುತ್ತಾರೆ. ಅವರಿಗೆ ಮಂಡಿ ನೋವು ಇದೆ. ಮಗಳಿಗೆ ಹತ್ತು ವರ್ಷ. ಅವಳನ್ನು ಕರೆದುಕೊಂಡು ಹೋಗಬಹುದಾ? ಗೈಡ್ ಬೇಕೇಬೇಕಾ? ಅಲ್ಲಿ ಹೂವು, ದೀಪ ಇಡಬಹುದಾ?

ಜಯನಗರ ನಾಲ್ಕನೇ ಬ್ಲಾಕ್:
ಟಿಕೆಟ್ ವಿಷಯ ಮೊದಲು ಹೇಳುತ್ತೇನೆ, ನನ್ನ ಹೊಟ್ಟೆ ಉರಿದದ್ದು ಅಲ್ಲೇ. ಆ ಕ್ಯಾಂಪ್ ಈಗ ಮ್ಯೂಸಿಯಂ. ಪ್ರವೇಶ ಉಚಿತ, ಗೈಡ್‌ಗೆ ಮಾತ್ರ ದುಡ್ಡು. ಆದರೆ ಸೀಸನ್‌ನಲ್ಲಿ ಹಗಲು ಹೊತ್ತು ಗೈಡ್ ಇಲ್ಲದವರಿಗೆ ಜಾಗ ಸಿಗುವುದು ಕಷ್ಟ. ನಾವು ನೋಡುವಷ್ಟರಲ್ಲಿ ಇಂಗ್ಲಿಷ್ ಗುಂಪುಗಳೆಲ್ಲ ಭರ್ತಿ. ಹತ್ತಿರದ ಕ್ರಾಕೋವ್ ನಗರದ ಒಂದು ಟೂರ್ ಕಂಪನಿಯವರು ತಲೆಗೆ 310 ಜ್ಲೋಟಿ (ಪೋಲೆಂಡ್ ದುಡ್ಡು) ಅಂದರು. ನಾಲ್ಕು ಜನಕ್ಕೆ 1,240. ಹೋಟೆಲ್ ಬಾಗಿಲಿಗೇ ಬಸ್ ಬರುತ್ತದೆ ಅಂತ ಅದಕ್ಕೆ ಬೇರೆ 40. ಬಸ್ ಬಂದದ್ದು ಎರಡು ಬೀದಿ ಆಚೆ, ಬೆಳಿಗ್ಗೆ ಆರಕ್ಕೆ. ವೆಜ್ ಊಟ ಅಂತ ತಲೆಗೆ 35 ಹೆಚ್ಚು ತೆಗೆದುಕೊಂಡು ಕೊಟ್ಟದ್ದು ಒಣ ಬ್ರೆಡ್, ಒಂದು ಸೇಬು.

ಅಸಲಿ ಕಷ್ಟ ಗೇಟಿನಲ್ಲಿ. ಟಿಕೆಟ್‌ನಲ್ಲಿ ಪ್ರತಿಯೊಬ್ಬರ ಹೆಸರು ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಮಾವನವರ ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು, ಅಪ್ಪನ ಹೆಸರು, ಅವರ ಹೆಸರು ಮೂರೂ ಬಿಡಿಸಿ ಬರೆದಿದೆ. ಕಂಪನಿಯವನು ಬರೀ ಇನಿಶಿಯಲ್ ಹಾಕಿಬಿಟ್ಟಿದ್ದ. ಮಾವ ಪಕ್ಕಕ್ಕೆ ನಿಂತರು. ಗುಂಪು ಒಳಗೆ ಹೋಯಿತು. ಅವರು ಬರುವಷ್ಟರಲ್ಲಿ ಗೈಡ್ ಕ್ಯಾಂಪ್ ಬಾಗಿಲ ಕಮಾನು ದಾಟಿ ಎರಡು ಬ್ಲಾಕ್ ಮುಗಿಸಿದ್ದರು. ನಮ್ಮ ಕಡೆಯವರು ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಅಕ್ಷರ ಅಕ್ಷರ ತುಂಬಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಮಧ್ಯಾಹ್ನ ಅದೇ ಟಿಕೆಟ್‌ನಲ್ಲಿ ವಿಯೆಲಿಚ್ಕಾ ಉಪ್ಪಿನ ಗಣಿ ಇತ್ತು, ಒಟ್ಟು 800 ಮೆಟ್ಟಿಲು. ಮಂಡಿ ನೋವಿನವರಿಗೆ ಅದು ಬೇಡ.

ಬಯಲುಸೀಮೆ ಬರ್ಲಿನ್:
@ಜಯನಗರ, ದುಡ್ಡಿನ ಲೆಕ್ಕ ಇಷ್ಟು ಬರೆದಿದ್ದೀರಿ. ಒಳಗೆ ಏನು ನೋಡಿದಿರಿ ಅಂತ ಒಂದು ಸಾಲೂ ಇಲ್ಲ. ಸುಮಾರು 11 ಲಕ್ಷ ಜನರನ್ನು ಕೊಂದ ಜಾಗ ಅದು, ಅವರಲ್ಲಿ ಹತ್ತು ಲಕ್ಷದಷ್ಟು ಯಹೂದಿಗಳು. ಬೆಳಿಗ್ಗೆ ಎರಡು ಟನ್ ಕೂದಲಿನ ರಾಶಿ ಎದುರು ನಿಂತು, ಮಧ್ಯಾಹ್ನ ಉಪ್ಪಿನ ಗಣಿಗೆ ಹೇಗೆ ಹೋದಿರಿ? ಇಂಥ ಪ್ಯಾಕೇಜ್ ಮಾಡುವವರಿಗೂ ಬುದ್ಧಿ ಇಲ್ಲ, ಕೊಳ್ಳುವವರಿಗೂ ಇಲ್ಲ.

ನಾವು ಕ್ರಾಕೋವ್‌ನಲ್ಲಿ ಉಳಿಯಲಿಲ್ಲ. ಒಶ್ವಿಯೆಂಚಿಮ್ ಊರಲ್ಲೇ ರೂಮ್ ಮಾಡಿದೆವು, ಅದೇ ಊರಿಗೆ ಜರ್ಮನ್ನರು ಇಟ್ಟ ಹೆಸರು ಆಶ್ವಿಟ್ಜ್. ಬೆಳಿಗ್ಗೆ ಮೊದಲ ಗುಂಪಿನಲ್ಲಿ ಹಳೆಯ ಕ್ಯಾಂಪ್ ನೋಡಿದೆವು. ಅದರದೇ ದೊಡ್ಡ ಎರಡನೇ ಭಾಗ ಬಿರ್ಕೆನೌವನ್ನು ಮಾರನೆಯ ದಿನಕ್ಕೆ ಇಟ್ಟುಕೊಂಡೆವು, ಗೈಡ್ ಇಲ್ಲದೆ. ಗುಂಪಿನ ಜೊತೆ ಹೋದರೆ ಬಿರ್ಕೆನೌಗೆ ಒಂದೂವರೆ ಗಂಟೆ ಕೊಡುತ್ತಾರೆ. ಏನೇನೂ ಸಾಲದು. ಗೇಟಿನಿಂದ ಹಳಿ ಪಕ್ಕ ನಡೆದು ಸ್ಮಾರಕ ಮುಟ್ಟುವುದಕ್ಕೇ ಕಿಲೋಮೀಟರ್ ಹತ್ತಿರ ಇದೆ. ಜಲ್ಲಿ ನೆಲ, ಕೂರಲು ಜಾಗ ಇಲ್ಲ, ಮರದ ನೆರಳೂ ಇಲ್ಲ. ಹಿಂದಿನ ಬರ್ಚ್ ಮರಗಳ ಕಡೆ ಒಂದು ಸಣ್ಣ ಹೊಂಡ ಇದೆ. ಸುಟ್ಟವರ ಬೂದಿಯನ್ನು ಅಲ್ಲಿ ಸುರಿದಿದ್ದಾರೆ. ಪಕ್ಕದಲ್ಲಿ ಕಪ್ಪು ಕಲ್ಲು ನೆಟ್ಟಿದ್ದಾರೆ, ಅವುಗಳ ಮೇಲೆ ಜನ ಬೆಣಚುಕಲ್ಲು ಇಟ್ಟು ಹೋಗುತ್ತಾರೆ. ನನ್ನ ಅಮ್ಮ ದೂರದಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದರು. ಇಲ್ಲಿ ಮೆಟ್ಟು ಹಾಕಿಕೊಂಡು ಹೇಗೆ ನಿಲ್ಲುವುದು ಅಂದರು. ಒಂದು ಕಲ್ಲು ಆರಿಸಿ ಇಟ್ಟರು, ಅಷ್ಟೇ.

ಮಗನಿಗೆ ಆಗ ಒಂಬತ್ತು. ಕರೆದುಕೊಂಡೇ ಹೋದೆವು, ಇವತ್ತಿಗೂ ಸರಿ ಅನ್ನುತ್ತೇನೆ. ಗಾಜಿನ ಹಿಂದೆ ಸೂಟ್‌ಕೇಸ್ ರಾಶಿ ಇದೆ ನೋಡಿ. ತಿರುಗಿ ಸಿಗಲಿ ಅಂತ ಅವರೇ ಬಿಳಿ ಬಣ್ಣದಲ್ಲಿ ಹೆಸರು ಬರೆದುಕೊಂಡಿದ್ದಾರೆ, ಕೆಲವರು ಹುಟ್ಟಿದ ವರ್ಷವನ್ನೂ ಬರೆದಿದ್ದಾರೆ. ಮಗ ಒಂದೊಂದರ ವರ್ಷ ಓದಿ 1944ರಿಂದ ಕಳೆಯುತ್ತಾ ನಿಂತ. ಯಾವ ಪಾಠವೂ ಅಷ್ಟು ಕಲಿಸುವುದಿಲ್ಲ.

ಇಬ್ಬನಿ:
ನಿಮ್ಮ ಮಗ ಗಟ್ಟಿ ಇದ್ದಾನೆ, ಒಳ್ಳೆಯದು. ಎಲ್ಲ ಮಕ್ಕಳೂ ಹಾಗೆ ಇರುವುದಿಲ್ಲ. 14ಕ್ಕಿಂತ ಚಿಕ್ಕ ಮಕ್ಕಳನ್ನು ಕರೆತರಬೇಡಿ ಅಂತ ಮ್ಯೂಸಿಯಂನವರೇ ಹೇಳುವುದು ಸುಮ್ನೆ ಅಲ್ಲ. ನಮ್ಮ ಯಜಮಾನರೂ ನಿಮ್ಮ ಹಾಗೆಯೇ ಹಟ ಹಿಡಿದರು. ಮಗಳು ಅಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಶುರುವಾಯಿತು. ತಲೆ ಬಾಚಿಸಿಕೊಳ್ಳಲು ಬಿಡಲಿಲ್ಲ. ಜಡೆ ಹಾಕಲು ಹೋದರೆ ಚೀರುತ್ತಿದ್ದಳು. ಎರಡು ಜಡೆ ಅಲ್ಲಿ ಗಾಜಿನ ಹಿಂದೆ ನೋಡಿದ್ದಳು. ಸ್ನಾನದ ಮನೆ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಮಕ್ಕಳ ಮನೋವೈದ್ಯರ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾದೆವು. ಕಾಯಲಾಗದೆ ಖಾಸಗಿಯಾಗಿ ಹೋದಾಗ ಒಂದು ಸಲಕ್ಕೆ 110 ಯೂರೋ, ಇನ್ಶೂರೆನ್ಸ್‌ನಲ್ಲಿ ಒಂದು ಪೈಸೆ ಬರಲಿಲ್ಲ. ಆ ಚಳಿಗಾಲವೆಲ್ಲ ನಾನು ಅವಳ ಮಂಚದ ಪಕ್ಕ ನೆಲದ ಮೇಲೆ ಮಲಗಿದೆ. ಸತ್ತ ಮಕ್ಕಳನ್ನು ನೆನೆಯುವುದಕ್ಕೆ ಬದುಕಿರುವ ಮಗುವನ್ನು ಹೆದರಿಸಬೇಕಾಗಿಲ್ಲ.

ಬಯಲುಸೀಮೆ ಬರ್ಲಿನ್:
ಮೊದಲೇ ಕೂರಿಸಿ ಹೇಳಬೇಕು. ಹೇಳದೆ ಕರೆದುಕೊಂಡು ಹೋದರೆ ಹಾಗೇ ಆಗುತ್ತದೆ.

ಇಬ್ಬನಿ:
ಹೇಳಿರಲಿಲ್ಲ ಅಂತ ನಿಮಗೆ ಯಾರು ಹೇಳಿದರು? ನಮ್ಮ ಮನೆಯಲ್ಲಿ ನೀವಿದ್ದಿರಾ?

ವಾಲ್‌ವೈಕ್ ವೀಣಾವಾದಕಿ:
ತೀರ್ಥಹಳ್ಳಿಯವರೇ, ನೀವಿರುವುದು ಐಂಡ್‌ಹೋವನ್. ನಿಮ್ಮ ಮನೆಯಿಂದ ಸುಮಾರು ಅರ್ಧ ಗಂಟೆ ದೂರದಲ್ಲಿ ವುಖ್ಟ್ ಇದೆ, ನಾಜಿಗಳ ಕಾನ್ಸಂಟ್ರೇಷನ್ ಕ್ಯಾಂಪ್. ಯಾರೂ ಅದರ ಹೆಸರೇ ಎತ್ತುವುದಿಲ್ಲ. 1943ರ ಜೂನ್ 6 ಮತ್ತು 7ರಂದು ಅಲ್ಲಿಂದ ಯಹೂದಿ ಮಕ್ಕಳನ್ನೆಲ್ಲ ರೈಲು ಹತ್ತಿಸಿದರು, ಸುಮಾರು 1,300 ಮಕ್ಕಳು. ಮಕ್ಕಳಿಗೇ ಬೇರೆ ಕ್ಯಾಂಪ್ ಇದೆ ಅಂತ ಸುಳ್ಳು ಹೇಳಿದ್ದರು. ಜೊತೆಗೆ ತಾಯಿ ಇಲ್ಲ ತಂದೆ. ವೆಸ್ಟರ್‌ಬೋರ್ಕ್ ಕ್ಯಾಂಪ್ ಮೂಲಕ ಪೋಲೆಂಡ್‌ನ ಸೋಬಿಬೋರ್ ಕ್ಯಾಂಪ್‌ಗೆ ಕಳಿಸಿ ಗ್ಯಾಸ್ ಹಾಕಿ ಕೊಂದರು. ಕ್ಯಾಂಪ್‌ನಲ್ಲಿ ಅವರ ಸ್ಮಾರಕ ಇದೆ, ಹೆಸರಿನ ಮುಂದೆ ವಯಸ್ಸು. 4, 11, 2, 7 ಹೀಗೆ ಸಾಲು ಸಾಲು. ನಾನು ಪ್ರತಿ ಜೂನ್‌ನಲ್ಲಿ ಹೋಗಿ ಒಂದು ಸಾಲನ್ನು ಜೋರಾಗಿ ಓದಿ ಬರುತ್ತೇನೆ. ಡಚ್ ಉಚ್ಚಾರ ಸರಿಯಾಗಿ ಬರಲಿ ಅಂತ ಪಕ್ಕದ ಮನೆಯ ಅಜ್ಜಿ ಹತ್ತಿರ ಹೇಳಿಸಿಕೊಂಡು ಹೋಗುತ್ತೇನೆ.

ಆಮ್‌ಸ್ಟರ್‌ಡಾಮ್‌ನಲ್ಲಿ 2021ರಲ್ಲಿ ನಾಜಿಗಳು ಕೊಂದವರ ಹೆಸರುಗಳ ಸ್ಮಾರಕ ಆಯಿತು. ಒಂದೊಂದು ಇಟ್ಟಿಗೆಗೆ ಒಂದು ಹೆಸರು, 1,02,000ಕ್ಕೂ ಹೆಚ್ಚು. ಹತ್ತು ವರ್ಷದ ಮಗುವಿಗೆ ಇದು ಸಾಕು. ಪೋಲೆಂಡ್ ಆಮೇಲೆ ಆಗಲಿ. ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ ಹುಡುಗಿ ಆನ್ ಫ್ರಾಂಕ್ ಮನೆ ಬೇಕಾದರೆ ಮಂಗಳವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತಿರಿ. ಆರು ವಾರ ಮುಂದಿನ ಟಿಕೆಟ್ ಆಗ ಬಿಡುತ್ತಾರೆ, ಆನ್‌ಲೈನ್ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.

ಮ್ಯೂನಿಕ್ ಮಂಡ್ಯ:
ನಾನು ಮ್ಯೂನಿಕ್ ಪಕ್ಕದ ಡಾಖಾವ್ ಬಗ್ಗೆ ಹೇಳುತ್ತೇನೆ. 1933ರ ಮಾರ್ಚ್‌ನಲ್ಲೇ ಶುರುವಾದ ಕ್ಯಾಂಪ್, ಉಳಿದವಕ್ಕೆಲ್ಲ ಮಾದರಿ. ಮ್ಯೂನಿಕ್‌ನಿಂದ ಎಸ್2 ರೈಲು, ಆಮೇಲೆ 726 ಬಸ್. ಪ್ರವೇಶ ಉಚಿತ. ಕನ್ನಡದವರು ಅಲ್ಲಿ ಹೋದರೆ ಸುಡುಗೂಡಿನ ಕಟ್ಟಡದಲ್ಲಿ ಒಂದು ಫಲಕ ಹುಡುಕಿ ನೋಡಿ. ನೂರ್ ಇನಾಯತ್ ಖಾನ್ ಹೆಸರಿದೆ. ಪ್ಯಾರಿಸ್‌ನಲ್ಲಿ ಬ್ರಿಟಿಷರ ಗುಪ್ತ ರೇಡಿಯೋ ಆಪರೇಟರ್ ಆಗಿದ್ದರು. 1944ರ ಸೆಪ್ಟೆಂಬರ್ 13ರಂದು ಇನ್ನೂ ಮೂವರು ಹೆಂಗಸರ ಜೊತೆ ಅಲ್ಲಿ ಕೊಂದರು. ಟಿಪ್ಪು ಸುಲ್ತಾನನ ವಂಶದವರು. ಶ್ರೀರಂಗಪಟ್ಟಣದ ಪಕ್ಕದಲ್ಲಿ ಬೆಳೆದ ನನಗೆ ಆ ಹೆಸರು ಅಲ್ಲಿ ಓದಿ ಕಾಲು ಕಿತ್ತಿಡಲು ಆಗಲಿಲ್ಲ.

ಇನ್ನೊಂದು ಮಾತು. ಹೊರಡುವ ಮೊದಲು ಅಮ್ಮಂದಿರ ಪರ್ಸ್ ನೋಡಿ. ನಮ್ಮ ಅಮ್ಮನದು ಮದುವೆ ಮನೆಯಲ್ಲಿ ಕೊಟ್ಟ ಪರ್ಸ್, ಮೇಲೆ ಜರಿಯಲ್ಲಿ ಸ್ವಸ್ತಿಕ. ರೈಲಿನಲ್ಲಿ ಎದುರು ಕೂತ ಮುದುಕಿ ಮುಖ ಕೆಂಪು ಮಾಡಿಕೊಂಡು ಎದ್ದು ಹೋದರು. ಅಮ್ಮನಿಗೆ ಏನಾಯಿತು ಅಂತಲೇ ತಿಳಿಯಲಿಲ್ಲ. ನಾನು ಜಾಕೆಟ್ ಒಳಗೆ ಇಟ್ಟುಕೊಂಡೆ.

ಗಂಡುಮೆಟ್ಟಿದ ನಾಡು:
ನಮ್ಮ ಸ್ವಸ್ತಿಕ ಯಾಕೆ ಮುಚ್ಚಿಡಬೇಕು? ಅದು ಸಾವಿರಾರು ವರ್ಷದ ಶುಭ ಚಿಹ್ನೆ. ಕದ್ದವರು ಅವರು. ಮತ್ತೆ ಇಲ್ಲೂ ಟಿಪ್ಪು ತರಬೇಕಿತ್ತಾ?

ಮ್ಯೂನಿಕ್ ಮಂಡ್ಯ:
ಶುಭ ಚಿಹ್ನೆ ಅಂತ ನನಗೂ ಗೊತ್ತು, ನಮ್ಮ ಹೊಸಿಲ ಮೇಲೂ ಇದೆ. ಆ ಮುದುಕಿಯ ಮನೆಯವರಿಗೆ ಏನಾಗಿತ್ತೋ ನಿಮಗೆ ಗೊತ್ತಾ? ದುಃಖ ಇರುವ ಮನೆಗೆ ಹೋಗುವಾಗ ಅವರ ಮನಸ್ಸು ನೋಡಿಕೊಂಡು ಹೋಗುತ್ತೇವೆ, ಅಲ್ವಾ? ಟಿಪ್ಪು ಬಗ್ಗೆ ನೀವು ಏನಾದರೂ ಅಂದುಕೊಳ್ಳಿ. ನೂರ್‌ಗೆ ಆಗ 30 ವರ್ಷ. ಹೊಡೆದರೂ ಒಬ್ಬರ ಹೆಸರನ್ನೂ ಬಿಟ್ಟುಕೊಡಲಿಲ್ಲ. ಅದನ್ನು ಟಿಪ್ಪು ಜಯಂತಿ ಜಗಳಕ್ಕೆ ಎಳೆಯಬೇಡಿ.

ಗಂಡುಮೆಟ್ಟಿದ ನಾಡು:
ನೂರ್ ಯಹೂದಿ ಅಲ್ಲ, ಗೂಢಚಾರಿಣಿ. ಹೋಲೋಕಾಸ್ಟ್ ಅಂದರೆ ಯಹೂದಿಗಳ ನರಮೇಧ, ಆ ಪ್ರಶ್ನೆಗೆ ಸಂಬಂಧವೇ ಇಲ್ಲ.

ನಿವೃತ್ತ ಮೇಷ್ಟ್ರು, ವಾರ್ಸಾ:
ಇಬ್ಬರೂ ನಿಲ್ಲಿಸಿ. ಕೇಳಿದವರ ತಂದೆ ಮೇಷ್ಟ್ರು, ನಾನೂ ಮೇಷ್ಟ್ರು. ಮಗಳ ಮನೆಗೆ ಬಂದವನು ಇಲ್ಲೇ ಉಳಿದೆ. ನನ್ನ ಮಾತು ಕೇಳುವುದಾದರೆ ಇಲ್ಲಿನ ಟ್ರೆಬ್ಲಿಂಕಾ ಕ್ಯಾಂಪ್‌ಗೆ ಹೋಗಿ. ಆಶ್ವಿಟ್ಜ್‌ನಲ್ಲಿ ಬ್ಯಾರಕ್, ತಂತಿ, ಕಾವಲು ಗೋಪುರ ಎಲ್ಲ ನಿಂತಿವೆ. ಟ್ರೆಬ್ಲಿಂಕಾದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದು, 1943ರಲ್ಲಿ ಎಲ್ಲ ಕಿತ್ತು, ಉಳುಮೆ ಮಾಡಿ, ತೋಟದ ಮನೆ ಕಟ್ಟಿ ಗುರುತು ಅಳಿಸಿದರು. ಈಗ ಪೈನ್ ಕಾಡಿನ ನಡುವೆ 17,000 ಒರಟು ಕಲ್ಲುಗಳು ಇವೆ. ಕೆಲವದರ ಮೇಲೆ ಊರ ಹೆಸರು. ಒಬ್ಬ ಮನುಷ್ಯನ ಹೆಸರು ಇರುವುದು ಒಂದೇ ಕಲ್ಲಿನ ಮೇಲೆ: ಯಾನುಷ್ ಕೋರ್ಚಾಕ್ ಮತ್ತು ಮಕ್ಕಳು.

ಕೋರ್ಚಾಕ್ ವೈದ್ಯರು. ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ ಅನಾಥಾಲಯ ನಡೆಸುತ್ತಿದ್ದರು, ಸುಮಾರು 200 ಮಕ್ಕಳು. 1942ರ ಜುಲೈ 18ರಂದು ಆ ಮಕ್ಕಳ ಕೈಲಿ ಆಡಿಸಿದ ನಾಟಕ ಯಾವುದು ಗೊತ್ತಾ? ನಮ್ಮ ರವೀಂದ್ರನಾಥ ಠಾಕೂರರ ಡಾಕ್ ಘರ್. ಕಾಯಿಲೆಯ ಹುಡುಗ ಕಿಟಕಿ ಪಕ್ಕ ಕೂತು ರಾಜನ ಕಾಗದಕ್ಕೆ ಕಾಯುವ ಕತೆ. ಮೂರು ವಾರ ಕಳೆಯುವುದರೊಳಗೆ ಆ ಮಕ್ಕಳನ್ನು ಟ್ರೆಬ್ಲಿಂಕಾಗೆ ಸಾಗಿಸಿದರು. ತಪ್ಪಿಸಿಕೊಳ್ಳಿ ಅಂತ ಕೋರ್ಚಾಕ್‌ಗೆ ಹೇಳಿದವರಿದ್ದರು. ಅವರು ಒಪ್ಪಲಿಲ್ಲ, ಮಕ್ಕಳ ಜೊತೆಯೇ ರೈಲು ಹತ್ತಿದರು. ನಾನು ಆ ಕಲ್ಲಿನ ಎದುರು ನಿಂತು ನಾಟಕದ ಕೊನೆಯ ಪುಟಗಳನ್ನು ಕನ್ನಡದಲ್ಲಿ ಓದಿದೆ. ಕೇಳುವವರು ಯಾರೂ ಇರಲಿಲ್ಲ. ಪರವಾಗಿಲ್ಲ ಅನ್ನಿಸಿತು.

ಜಯನಗರ ನಾಲ್ಕನೇ ಬ್ಲಾಕ್:
ಮೇಷ್ಟ್ರೇ, ಅಲ್ಲಿಗೆ ವಾರ್ಸಾದಿಂದ ನೂರು ಕಿಲೋಮೀಟರ್ ಹತ್ತಿರ ಇದೆ. ಮಂಡಿ ನೋವಿನವರು ಹೇಗೆ ಹೋಗುವುದು? ಟ್ಯಾಕ್ಸಿ 900 ಜ್ಲೋಟಿ ಕೇಳುತ್ತಾರೆ. @ಬಯಲುಸೀಮೆ, ನಾನು ಒಳಗೆ ನೋಡಿದ್ದನ್ನು ಬರೆಯಲಿಲ್ಲ ಅಂದರೆ ನನಗೆ ನೋವಾಗಲಿಲ್ಲ ಅಂತ ಅಲ್ಲ. ಬರೆಯಲು ಬರುವುದಿಲ್ಲ, ಅದಕ್ಕೆ ಬರೆಯಲಿಲ್ಲ. ಲೆಕ್ಕ ಹೇಳಿದರೆ ಇನ್ನೊಬ್ಬರಿಗೆ ಉಪಯೋಗ ಆಗುತ್ತದೆ ಅಂತ ಹೇಳಿದೆ.

ಐಂಡ್‌ಹೋವನ್ ತೀರ್ಥಹಳ್ಳಿ:
ಎಲ್ಲರಿಗೂ ಧನ್ಯವಾದ. ಮಗಳ ಜೊತೆ ವುಖ್ಟ್‌ಗೆ ಹೋಗುತ್ತೇವೆ. ಪೋಲೆಂಡ್‌ಗೆ ನಾನು ಮತ್ತು ಅಪ್ಪ ಮಾತ್ರ. ಮೇಷ್ಟ್ರ ಮಾತು ಅಪ್ಪನಿಗೆ ಓದಿ ಹೇಳಿದೆ. ಟ್ರೆಬ್ಲಿಂಕಾ ಬೇಕೇಬೇಕು ಅನ್ನುತ್ತಿದ್ದಾರೆ. ಹೂವು, ದೀಪದ ವಿಷಯ ಯಾರೂ ಹೇಳಲಿಲ್ಲ.

ಬಯಲುಸೀಮೆ ಬರ್ಲಿನ್:
ಆಶ್ವಿಟ್ಜ್‌ನಲ್ಲಿ 11ನೇ ಬ್ಲಾಕ್ ಪಕ್ಕದ ಅಂಗಳದಲ್ಲಿ ಗುಂಡು ಹೊಡೆಯುತ್ತಿದ್ದ ಗೋಡೆ ಇದೆ. ಜನ ಹೂವು, ಮೇಣದ ದೀಪ ಇಡುವುದು ಅಲ್ಲಿ. ನೀವೂ ಇಡಬಹುದು. ಹಳೆಯ ಕ್ಯಾಂಪ್‌ನಿಂದ ಬಿರ್ಕೆನೌಗೆ ಮ್ಯೂಸಿಯಂ ಬಸ್ ಇದೆ, ದುಡ್ಡಿಲ್ಲ. ಅಪ್ಪನಿಗೆ ಮಡಚುವ ಸಣ್ಣ ಸ್ಟೂಲ್ ತೆಗೆದುಕೊಳ್ಳಿ, ಆದರೆ ಒಳಗೆ ಬಿಡುತ್ತಾರಾ ಅಂತ ಮೊದಲೇ ಮೇಲ್ ಮಾಡಿ ಕೇಳಿ.

ಇಬ್ಬನಿ:
ಮಗಳನ್ನು ಬಿಟ್ಟು ಹೋಗುತ್ತಿದ್ದೀರಲ್ಲ, ಅಷ್ಟು ಸಾಕು.

ಬಯಲುಸೀಮೆ ಬರ್ಲಿನ್:
ಇನ್ನೂ ನನ್ನ ಮೇಲೆ ಸಿಟ್ಟು ಹೋಗಿಲ್ಲವಾ?

ಇಬ್ಬನಿ:
ಇಲ್ಲ.