ವಿಆರ್ ಹೆಡ್‌ಸೆಟ್‌ನಲ್ಲಿ ಮಬ್ಬು ಬೆಳಕಿನ ಪರೀಕ್ಷೆ: ನನಗೂ ಅಜ್ಜಿಗೂ ಒಂದೇ ಅಂಕ ಬರ್ತಿದೆ!

ಗೋಕಾಕ_ಕರದಂಟು:
ತಲೆ ಕೆಟ್ಟು ಹೋಗಿದೆ, ಯಾರಾದ್ರೂ ನೋಡಿ. ಬೆಳಗಾವಿಯಲ್ಲಿ ಕೊನೆ ವರ್ಷದ ಪ್ರಾಜೆಕ್ಟ್. ವಯಸ್ಸಾದವರಿಗೆ ಬರುವ ಮ್ಯಾಕ್ಯುಲಾ (ಕಣ್ಣಿನ ರೆಟಿನಾ ಪದರದ ನಡುಭಾಗ) ಸವೆತ ಇದೆಯಲ್ಲ, ಅಂಥವರಿಗೆ ಮಬ್ಬು ಬೆಳಕಿನಲ್ಲಿ ಎಷ್ಟು ಕಾಣುತ್ತದೆ ಅಂತ ವಿಆರ್‌ನಲ್ಲಿ, ಅಂದ್ರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆಯಲ್ಲಿ, ಅಳೆಯಬೇಕು. ಕಪ್ಪು ಪರದೆ ಮೇಲೆ ಬೂದು ಚುಕ್ಕೆ ಬರುತ್ತದೆ, ಕಂಡರೆ ಬಟನ್ ಒತ್ತಬೇಕು, ಪ್ರತಿ ಸಲ ಚುಕ್ಕೆ ಇನ್ನಷ್ಟು ಮಂಕಾಗುತ್ತಾ ಹೋಗುತ್ತದೆ. ನಮ್ಮ ಅಜ್ಜಿಗೆ ಈ ರೋಗ ಶುರುವಾಗಿದೆ, ಸಂಜೆಯಾದರೆ ಹೊಸ್ತಿಲು ಎಡವುತ್ತಾರೆ. ಆದರೆ ಪರೀಕ್ಷೆಯಲ್ಲಿ ಅಜ್ಜಿಗೂ 4, ನನಗೂ 4! ನಾಲ್ಕು ದಿನದಿಂದ ಇದೇ ಕಥೆ. ಕೋಡ್ ಮೂರು ಸಲ ನೋಡಿದೆ, ತಪ್ಪಿಲ್ಲ.

ಇಳಕಲ್_ಪಿಕ್ಸೆಲ್:
4 ಅಂದ್ರೆ ಏನು, 4 ಕೆಜಿನಾ? ಹೆಡ್‌ಸೆಟ್ ಯಾವುದು ಅಂತ ಹೇಳದೆ ಕೇಳಿದರೆ ನಾವು ಶಾಸ್ತ್ರ ನೋಡಿ ಹೇಳಬೇಕಾ?

ಗೋಕಾಕ_ಕರದಂಟು:
ಹೊಳಪಿನ 0-255 ಮಟ್ಟದಲ್ಲಿ 4, ಚುಕ್ಕೆ ಅಷ್ಟು ಮಂಕಾಗುವವರೆಗೂ ಕಂಡಿತು ಅಂತ, ಅದು ಗೊತ್ತಾಗಲ್ವಾ? ಹೆಡ್‌ಸೆಟ್ ಸೀನಿಯರ್ ಹತ್ತಿರ ತೆಗೆದುಕೊಂಡ ಹಳೆಯದು. ಎಲ್‌ಸಿಡಿ.

ಇಳಕಲ್_ಪಿಕ್ಸೆಲ್:
ಹಾಂ, ಅಲ್ಲೇ ಇದೆ ನೋಡು ದೋಸ್ತ. ಎಲ್‌ಸಿಡಿಯಲ್ಲಿ ಹಿಂದಿನ ಲೈಟ್ ಉರಿಯುತ್ತಲೇ ಇರುತ್ತದೆ, ಕಪ್ಪು ಅಂದರೂ ಸೋರುತ್ತದೆ. ಕಾಂಟ್ರಾಸ್ಟ್ 1000:1 ಅಂತ ಹಿಡಿ. ಬಿಳಿ 100 ನಿಟ್ (ಹೊಳಪಿನ ಅಳತೆ) ಇದ್ದರೆ ಕಪ್ಪು 0.1 ನಿಟ್. ಗಾಮಾ 2.2 (ಮಟ್ಟದ ಅಂಕಿಯಿಂದ ಬೆಳಕು ಎಷ್ಟು ಅಂತ ಹೇಳುವ ಸೂತ್ರ) ಲೆಕ್ಕ ಹಾಕಿದರೆ ನಿನ್ನ 11ನೇ ಮಟ್ಟದ ಬೆಳಕೂ ಅಷ್ಟೇ. 4 ಅಂದರೆ ಸೋರಿದ ಬೆಳಕಿನ ಹತ್ತನೇ ಒಂದು ಪಾಲು. ಅಜ್ಜಿಯನ್ನು ಕೂರಿಸಿದ್ದು ಕತ್ತಲೆಯಲ್ಲಲ್ಲ, ಮಂಜಿನಲ್ಲಿ. ಸುಮ್ನೆ ಓಎಲ್‌ಇಡಿ ತಗೋ, ಅದರಲ್ಲಿ ಹಿಂದಿನ ಲೈಟೇ ಇಲ್ಲ, ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತದೆ. ನನ್ನ ಹತ್ತಿರ ವೈವ್ ಪ್ರೊ ಹೆಡ್‌ಸೆಟ್ ಇದೆ, ಹಳೆಯ ಮೊದಲನೇ ಕ್ವೆಸ್ಟ್ ಕೂಡ ಇದೆ, ಎರಡೂ ಓಎಲ್‌ಇಡಿ. ಕಪ್ಪು ಅಂದರೆ ಬಾವಿಯೊಳಗೆ ಇಣುಕಿದ ಹಾಗೆ.

ಜಮಖಂಡಿ_ಕಾಕಾ:
ತಮ್ಮಾ, ಸಂಜೆ ಕಾಣಲ್ಲ ಅಂದ್ರೆ ಅದು ಇರುಳುಗುರುಡು. ಅಜ್ಜಿಗೆ ಕ್ಯಾರೆಟ್, ನುಗ್ಗೆ ಸೊಪ್ಪು ಕೊಡು. ಇದಕ್ಕೆಲ್ಲ ಕಂಪ್ಯೂಟರ್ ಯಾಕೆ?

ಕಣ್ಣಿನಕ್ಕ_ಬಾಗಲಕೋಟೆ:
ಕಾಕಾ, ಅದು ಎ ಜೀವಸತ್ವ ಕಡಿಮೆಯಾದಾಗ ಬರುವುದು. ಇದು ಬೇರೆ. ರೆಟಿನಾದ ನಡುಭಾಗ ಸವೆಯುವ ರೋಗ, ಬೋರ್ಡ್‌ನ ಅಕ್ಷರ ಇನ್ನೂ ಚೆನ್ನಾಗಿ ಓದುವಾಗಲೇ ಕತ್ತಲೆಗೆ ಕಣ್ಣು ಹೊಂದುವುದು ನಿಧಾನ ಆಗುತ್ತದೆ. ಅದಕ್ಕೇ ಇವನ ಪ್ರಾಜೆಕ್ಟ್‌ಗೆ ಅರ್ಥ ಇದೆ.

ಜಮಖಂಡಿ_ಕಾಕಾ:
ನಮ್ಮ ಅಪ್ಪ 91 ವರ್ಷ ನುಗ್ಗೆ ಸೊಪ್ಪು ತಿಂದು ಕನ್ನಡಕ ಇಲ್ಲದೆ ಪೇಪರ್ ಓದಿದರು. ಅಷ್ಟೇ ಹೇಳಿದ್ದು.

ಉದ್ಯಮಬಾಗ_ವೆಲ್ಡರ್:
ಓಎಲ್‌ಇಡಿ ಓಎಲ್‌ಇಡಿ ಅಂತ ಹುಡುಗನ ಜೇಬು ಹರಿಯಬೇಡಿ. ಲೆನ್ಸ್ ಮುಂದೆ ವೆಲ್ಡಿಂಗ್ ಗ್ಲಾಸ್ ಇಡು. 5ನೇ ನಂಬರ್ ಸುಮಾರು 2% ಬೆಳಕು ಬಿಡುತ್ತದೆ, 6ನೇದು 1%ಕ್ಕಿಂತ ಕಡಿಮೆ. ಇಲ್ಲಿ ಉದ್ಯಮಬಾಗದ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. 10, 11 ತರಬೇಡ, ಅದು ಆರ್ಕ್‌ಗೆ, ಏನೂ ಕಾಣಲ್ಲ.

ಇಳಕಲ್_ಪಿಕ್ಸೆಲ್:
ಗ್ಲಾಸ್ ಇಟ್ಟರೆ ಚುಕ್ಕೆಯೂ ಮಂಕು, ಸೋರಿಕೆಯೂ ಮಂಕು. ಅನುಪಾತ ಅದೇ. ಏನು ಲಾಭ? ಓಎಲ್‌ಇಡಿನೇ ಪರಿಹಾರ.

ಕಣ್ಣಿನಕ್ಕ_ಬಾಗಲಕೋಟೆ:
ಅನುಪಾತ ಅದೇ, ಕಣ್ಣು ಅದೇ ಅಲ್ಲ. 0.1 ನಿಟ್‌ನಲ್ಲಿ ಹಗಲಿನ ಕೋನ್ ಕೋಶಗಳೂ ಕೆಲಸ ಮಾಡುತ್ತಿರುತ್ತವೆ. ನೂರು ಪಟ್ಟು ಇಳಿಸಿ 0.001ಕ್ಕೆ ತಂದರೆ ಹೆಚ್ಚೂ ಕಡಿಮೆ ಕತ್ತಲೆಯಲ್ಲಿ ಕಾಣಿಸುವ ರಾಡ್ ಕೋಶಗಳೇ ಗತಿ. ರಾಡ್ ಕೆಟ್ಟವರು ಅಲ್ಲಿ ಹಿಂದೆ ಬೀಳುತ್ತಾರೆ. ಕ್ಲಿನಿಕ್‌ನಲ್ಲೂ ಮಂದ ಬೆಳಕಿನ ದೃಷ್ಟಿ ನೋಡಲು 2.0 ಲಾಗ್‌ನ ಎನ್‌ಡಿ ಫಿಲ್ಟರ್ (ಎಲ್ಲ ಬಣ್ಣವನ್ನೂ ಸಮನಾಗಿ ಮಂಕು ಮಾಡುವ ಬೂದು ಗಾಜು) ಕಣ್ಣ ಮುಂದೆ ಹಿಡಿಯುತ್ತೇವೆ, ಅಂದರೆ 1% ಬೆಳಕು. ಆದರೆ ವೆಲ್ಡಿಂಗ್ ಗ್ಲಾಸ್ ಹಸಿರು, ಬಣ್ಣದ ಲೆಕ್ಕ ಎಲ್ಲ ತಪ್ಪುತ್ತದೆ. ಸ್ಟುಡಿಯೋ ಲೈಟಿಗೆ ಹಾಕುವ ಬೂದು ಎನ್‌ಡಿ ಜೆಲ್ ಹಾಳೆ ತಗೋ. 1.2 ಮತ್ತು 0.9 ಜೋಡಿಸಿದರೆ 2.1. ಓಎಲ್‌ಇಡಿ ತಂದರೂ ಜೆಲ್ ಬೇಕೇ ಬೇಕು, ಪೂರ್ತಿ ಕಪ್ಪಾದ 0ಯಿಂದ 1ನೇ ಮಟ್ಟಕ್ಕೆ ಜಿಗಿತ ಅಷ್ಟು ದೊಡ್ಡದು.

ಉದ್ಯಮಬಾಗ_ವೆಲ್ಡರ್:
ಹಸಿರು ಆದ್ರೆ ಏನಾಯ್ತು, 30 ವರ್ಷ ಅದರಲ್ಲೇ ನೋಡಿದ್ದೇನೆ.

ಗುಮ್ಮಟದ_ದುರ್ಬೀನು:
ವಿಜಯಪುರದಿಂದ. ನಾನು ಕಣ್ಣಿನ ಡಾಕ್ಟರ್ ಅಲ್ಲ, ರಾತ್ರಿ ನಕ್ಷತ್ರ ನೋಡುವ ಹುಚ್ಚು ಅಷ್ಟೇ. ಚುಕ್ಕೆ ಪರದೆಯ ಎಲ್ಲಿ ಬರುತ್ತದೆ?

ಗೋಕಾಕ_ಕರದಂಟು:
ನಡುವೆ ಸರ್. ಮತ್ತೆಲ್ಲಿ?

ಗುಮ್ಮಟದ_ದುರ್ಬೀನು:
ಅಯ್ಯೋ! ಮಂಕು ನಕ್ಷತ್ರವನ್ನು ನೆಟ್ಟಗೆ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಹಾಜರ್. ನಡುಮಧ್ಯದಲ್ಲಿ ರಾಡ್ ಕೋಶಗಳೇ ಇಲ್ಲ ಮಾರಾಯರೇ. ನೀವು ಇಲ್ಲದವರನ್ನು ಕರೆದು ಹಾಜರಿ ತೆಗೆದುಕೊಳ್ಳುತ್ತಿದ್ದೀರಿ. ಇನ್ನೊಂದು, ಕತ್ತಲೆಯಲ್ಲಿ ಎಷ್ಟು ಹೊತ್ತು ಕೂತಿರಿ?

ಗೋಕಾಕ_ಕರದಂಟು:
2 ನಿಮಿಷ. ಆಮೇಲೆ ಆ್ಯಪ್ ಶುರು ಮಾಡಿ, ಲೋಗೋ ಬಂದು...

ಕಣ್ಣಿನಕ್ಕ_ಬಾಗಲಕೋಟೆ:
ಲೋಗೋ ಬಿಳಿ ಪರದೆ ಮೇಲಾ?

ಗೋಕಾಕ_ಕರದಂಟು:
...ಹೌದು ಅಕ್ಕಾ.

ಕಣ್ಣಿನಕ್ಕ_ಬಾಗಲಕೋಟೆ:
ಇದನ್ನು ಮೊದಲೇ ಹೇಳಬಾರದಾ! ಕೋನ್‌ಗಳು 10 ನಿಮಿಷದಲ್ಲಿ ಹೊಂದುತ್ತವೆ, ರಾಡ್‌ಗಳಿಗೆ 30-40 ನಿಮಿಷ ಬೇಕು. ಈ ರೋಗ ಇದ್ದರೆ ಇನ್ನೂ ನಿಧಾನ. ಅರ್ಧ ಗಂಟೆ ಕೂರಿಸಿ ಒಂದು ಬಿಳಿ ಪರದೆ ತೋರಿಸಿದರೂ ಹಾಲಿಗೆ ಹುಳಿ ಹಿಂಡಿದ ಹಾಗೆ. ಲೋಗೋ ತೆಗೆ, ಸೂಚನೆಗಳನ್ನು ಮಂದ ಕೆಂಪಿನಲ್ಲಿ ಹಾಕು, ರಾಡ್‌ಗಳಿಗೆ ಕೆಂಪು ಅಷ್ಟಾಗಿ ತಾಗಲ್ಲ. ಮೂಗಿನ ಹತ್ತಿರದ ಸಂದಿಗೆ ಕಪ್ಪು ಬಟ್ಟೆ. ಚುಕ್ಕೆ ನಡುವಿನಿಂದ 5 ಡಿಗ್ರಿ ಆಚೆ ಇಡು, ಈ ರೋಗ ಮೊದಲು ಕೈ ಹಾಕುವುದು ನಡುವಿನ ಸುತ್ತಲಿನ ರಾಡ್‌ಗಳಿಗೇ. ಮತ್ತೆ ಅಜ್ಜಿಗೆ ಗೆರೆಗಳು ಥಟ್ಟನೆ ಸೊಟ್ಟ ಕಂಡರೆ ಪ್ರಾಜೆಕ್ಟ್ ಬದಿಗಿಟ್ಟು ಅದೇ ದಿನ ರೆಟಿನಾ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು.

ಇಳಕಲ್_ಪಿಕ್ಸೆಲ್:
ಎಲ್ಲ ಸರಿ, ಆದರೂ ಓಎಲ್‌ಇಡಿ ಆಗಿದ್ದರೆ...

ಗೋಕಾಕ_ಕರದಂಟು (ಆರು ದಿನದ ನಂತರ):
ಜೆಲ್ ಹಾಕಿದೆ, ಲೋಗೋ ತೆಗೆದೆ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಜೆಲ್ ಬಿಚ್ಚಿ ನೋಡಿದೆ, ನಿಜವಾಗಿಯೂ ಆ 'ಕಪ್ಪು' ಬೂದಿ ಬಣ್ಣ. ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ನನಗೆ 6, ಅಜ್ಜಿಗೆ 14. ಮರುದಿನ ಅಜ್ಜಿಗೆ 9! ಕತ್ತಲೆಯಲ್ಲಿ ಅರ್ಧ ಗಂಟೆ ಕಾಯುವಾಗ ಮೊದಲ ದಿನ ಅಜ್ಜಿ ನಿದ್ದೆ ಹೋಗಿದ್ದರು. ಎರಡನೇ ದಿನ ಕಾಣದಿದ್ದರೂ ಒತ್ತಿದರಂತೆ, 'ಮೊಮ್ಮಗ ಪಾಸಾಗಲಿ' ಅಂತ.

ಕಣ್ಣಿನಕ್ಕ_ಬಾಗಲಕೋಟೆ:
😄 ನಡುನಡುವೆ ಚುಕ್ಕೆಯೇ ಇಲ್ಲದ ಸರದಿ ಸೇರಿಸು. ಆಗ ಒತ್ತಿದರೆ ಸಿಕ್ಕಿಬೀಳುತ್ತಾರೆ.

ಇಳಕಲ್_ಪಿಕ್ಸೆಲ್:
ಅಂದ ಹಾಗೆ ಆ ಹಳೆಯ ಕ್ವೆಸ್ಟ್ ಮಾರುತ್ತಿದ್ದೇನೆ. ಇಳಕಲ್‌ಗೆ ಬಂದು ನೋಡುವವರು ಮೆಸೇಜ್ ಮಾಡಿ.

ಜಮಖಂಡಿ_ಕಾಕಾ:
ಎಷ್ಟಕ್ಕೆ?